ಯಾರೂ ಗೆರೆ ಎಳೆಯದ ನಟ್ಟು

"ನೋಡ್ಕೊಳ್ಳಿ ಮೇಡಂ, ಕಣ್ತುಂಬ ನೋಡ್ಕೊಳ್ಳಿ." ಮೇಂಟೆನೆನ್ಸ್ ಚೀಫ್ ಟಾರ್ಚನ್ನು ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಹಿಡಿದ. "ಇದರೊಳಗೆ ಸಾಸಿವೆ ಕಾಳಿನಷ್ಟು ಲೋಹದ ಪುಡಿ ತೋರಿಸಿ, ನಾನು ಇವತ್ತೇ ಕೆಲಸ ಬಿಟ್ಟು ಮನೆಗೆ ಹೋಗ್ತೀನಿ."

ಎಲ್ಲರೂ ಮುಂಗುಸಿ ಎಂದೇ ಕರೆಯುವ ಆ ನಿವೃತ್ತ ಪೊಲೀಸಿನವಳು ಬಗ್ಗಿ ನೋಡಿದಳು. ಸಮುದ್ರದ ಉಪ್ಪು ಅಲ್ಲಲ್ಲಿ ಬೆಳ್ಳಗೆ ಕೂತಿತ್ತು. ಅದನ್ನು ಬಿಟ್ಟರೆ ಚಕ್ರದ ಹಲ್ಲು ಒಂದೂ ಮುಕ್ಕಾಗಿರಲಿಲ್ಲ, ಒಂದೂ ಸವೆದಿರಲಿಲ್ಲ. ಅವಳ ಮುಖ ಸಪ್ಪಗಾಯಿತು.

ಹೋದ ತಿಂಗಳು, ಸಮುದ್ರದ ನಡುವೆ ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮಿಗೆ ಕೆಲಸಗಾರರನ್ನು ಒಯ್ಯುತ್ತಿದ್ದ ಹೆಲಿಕಾಪ್ಟರ್ ನೀರಿಗೆ ಬಿದ್ದು ಒಂಬತ್ತು ಜನ ಸತ್ತಿದ್ದರು. ಹಾರಿಸುತ್ತಿದ್ದವನು ಅವಳ ಅಕ್ಕನ ಮಗಳ ಗಂಡ. ಆ ಹುಡುಗಿಯೂ ಇದೇ ಕಂಪನಿಯಲ್ಲಿ ರೇಡಿಯೋ ಆಪರೇಟರು.

ಸಾಯುವುದಕ್ಕೆ ಮುಂಚೆ ಅವನು ಮನೆಯಲ್ಲಿ ದಿನಾ ಗೊಣಗುತ್ತಿದ್ದದ್ದು ಒಂದೇ ವಿಷಯ, ಗೇರ್‌ಬಾಕ್ಸಿನ ಎಚ್ಚರಿಕೆ ದೀಪ ಹತ್ತುತ್ತಿದೆ ಅಂತ. ಎಂಜಿನ್ನಿನ ಓಟವನ್ನು ತಲೆಯ ಮೇಲಿನ ರೆಕ್ಕೆಗೆ ದಾಟಿಸುವ ಪೆಟ್ಟಿಗೆ ಅದು. ಅದರ ಹಲ್ಲು ಸವೆದು ಪುಡಿ ಉದುರಿದರೆ, ಎಣ್ಣೆಯಲ್ಲಿರುವ ಅಯಸ್ಕಾಂತವೊಂದು ಆ ಪುಡಿ ಹಿಡಿದು ದೀಪ ಹೊತ್ತಿಸುತ್ತದೆ. ಪೆಟ್ಟಿಗೆ ಬಿಗಿದುಕೊಂಡರೆ ರೆಕ್ಕೆ ನಿಂತಿತು, ರೆಕ್ಕೆ ನಿಂತ ಹೆಲಿಕಾಪ್ಟರಿಗೂ ಕಲ್ಲಿಗೂ ವ್ಯತ್ಯಾಸ ಇಲ್ಲ. ಮುಂಗುಸಿ ತನ್ನ ಇಡೀ ತನಿಖೆಯನ್ನು ಆ ದೀಪದ ಮೇಲೆ ಕಟ್ಟಿದ್ದಳು. ಈಗ ಸಮುದ್ರದಿಂದ ಎತ್ತಿ ಬಿಚ್ಚಿ ನೋಡಿದರೆ ಪೆಟ್ಟಿಗೆ ಬೆಳಗಿಟ್ಟ ಪಾತ್ರೆಯ ಹಾಗಿದೆ.

"ಅಂದ್ರೆ ಯಂತ್ರ ಸರಿಯಾಗಿತ್ತು," ಅಂದ ಚೀಫ್. "ಯಂತ್ರ ಸರಿ ಇತ್ತು ಅಂದ್ಮೇಲೆ ತಪ್ಪು ಯಾರದ್ದು ಅಂತ ನನ್ನ ಬಾಯಿಂದ ಯಾಕೆ ಹೇಳಿಸ್ತೀರಾ? ಮಂಜಲ್ಲಿ ಕೆಳಗಿಳಿಸಿದ ನಿಮ್ಮ ಹುಡುಗ. ಹೋಗ್ಲಿ ಬಿಡಿ, ಸತ್ತೋರ ಬಗ್ಗೆ ಕೆಟ್ಟದ್ದು ಮಾತಾಡಬಾರದು."

"ಮಾತಾಡಿ ಆಯ್ತಲ್ಲ."

"ಕೋಪ ಮಾಡ್ಕೋಬೇಡಿ. ಸರ್ಕಾರದ ತನಿಖಾಧಿಕಾರಿಗಳೇ ಒಪ್ಪಿ ಕ್ಯಾಂಟೀನಿಗೆ ಹೋದ್ರು. ಪೈಲಟ್ ತಪ್ಪು ಅಂತಾದ್ರೆ, ತಿಂಗಳಿಂದ ನಿಲ್ಲಿಸಿಟ್ಟಿರೋ ನಮ್ಮ ಎರಡನೇ ಹೆಲಿಕಾಪ್ಟರಿಗೆ ತಡೆ ಇಲ್ಲ. ಇನ್ನರ್ಧ ಗಂಟೇಲಿ ಹೊರಡುತ್ತೆ. ಬನ್ನಿ, ಬೇಕಿದ್ರೆ ಟಾಟಾ ಮಾಡಿ."

ಅಷ್ಟು ಹೇಳಿ ಅವನು ಕೈ ಒರೆಸಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿ ತನ್ನ ಗಾಜಿನ ಕೋಣೆಗೆ ಹೋದ. ಹೋಗುವಾಗ ಶಿಳ್ಳೆ ಹಾಕುತ್ತಿದ್ದ, ದರಿದ್ರದವನು.

ಪೈಲಟ್ ತಪ್ಪಂತೆ! ಎಷ್ಟು ಅನುಕೂಲದ ಮಾತು. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ, ವಕೀಲರನ್ನು ಇಡುವುದಿಲ್ಲ, ಪತ್ರಿಕೆಯವರನ್ನು ಕರೆಯುವುದಿಲ್ಲ. ಅವನ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ಉಳಿದವರೆಲ್ಲ ಹಾಯಾಗಿ ಊಟ ಮಾಡಬಹುದು. ಈ ಪೆಟ್ಟಿಗೆ ಸರಿಯಿತ್ತು ಅಂತ ಒಪ್ಪಿಕೊಂಡರೆ ಇವತ್ತು ಇನ್ನೊಂದು ಹೆಲಿಕಾಪ್ಟರ್ ತುಂಬ ಜನ ಅದೇ ಸಮುದ್ರದ ಮೇಲೆ ಹೋಗುತ್ತಾರೆ. ಅದನ್ನು ತಡೆಯಬೇಕಾದರೆ ಇಲ್ಲಿ ಏನಾದರೂ ಸಿಗಬೇಕು, ಅದೂ ಈಗಲೇ.

ಹಿಡಿದದ್ದನ್ನು ಬಿಡುವ ಜಾಯಮಾನದವಳಲ್ಲ ಎಂದು ಪೊಲೀಸ್ ಇಲಾಖೆಯಲ್ಲಿ ಅವಳಿಗೆ ಮುಂಗುಸಿ ಎಂದು ಹೆಸರಿಟ್ಟಿದ್ದರು. ನಿವೃತ್ತಿಯಾಗಿ ಮನೆಗೆ ಬಂದಾಗ ಪಿಂಚಣಿಯ ಜೊತೆ ಹೆಸರೂ ಬಂತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇರ್‌ಬಾಕ್ಸಿನ ಸುತ್ತ ಒಂದು ಸುತ್ತು ಬಂದಳು. ಒಳಗೆ ಏನೂ ಇಲ್ಲ ತಾನೇ? ಸರಿ, ಹೊರಗೆ ನೋಡೋಣ.

ಹೊರಗೆ, ಮುಚ್ಚಳದ ಪ್ರತಿಯೊಂದು ನಟ್ಟಿನ ಮೇಲೂ ಒಂದು ಸಣ್ಣ ಕೆಂಪು ಗೆರೆ ಇತ್ತು. ಬಣ್ಣದ್ದು. ನಟ್ಟಿನ ನೆತ್ತಿಯಿಂದ ಹೊರಟು ಪಕ್ಕದ ಲೋಹದ ಮೇಲೆ ಮುಗಿಯುತ್ತಿತ್ತು. ಎಣ್ಣೆ ಕುಡಿದು ಕುಡಿದು ಕಪ್ಪಿಟ್ಟ ಹಳೇ ಗೆರೆಗಳು ಅವು.

"ಮೇಡಂ, ಮುಚ್ಚಿಬಿಡು ಅಂದ್ರು ಚೀಫು." ಟಾರ್ಪಾಲಿನ ಸುರುಳಿ ಹೆಗಲ ಮೇಲೆ ಹೊತ್ತು ಮೆಕ್ಯಾನಿಕ್ ಒಬ್ಬ ಬಂದು ನಿಂತಿದ್ದ. ಐವತ್ತು ದಾಟಿದ ಮನುಷ್ಯ, ಮುಖದಲ್ಲಿ ನಿದ್ದೆ ಇಲ್ಲ. ಬಿದ್ದ ಹೆಲಿಕಾಪ್ಟರನ್ನು ನೋಡಿಕೊಳ್ಳುತ್ತಿದ್ದವನು ಇವನೇ ಎಂದು ಅವಳಿಗೆ ಗೊತ್ತಿತ್ತು. ಮೂರು ಸಲ ಮಾತಾಡಿಸಲು ಹೋಗಿದ್ದಳು, ಮೂರು ಸಲವೂ ಅವನಿಗೆ ಎಲ್ಲೋ ಅರ್ಜೆಂಟ್ ಕೆಲಸ ಬಂದಿತ್ತು.

"ಮುಚ್ಚುವಿಯಂತೆ. ನಿನ್ನ ಹೆಬ್ಬೆರಳಿನ ಉಗುರಿಗೇನಾಗಿದೆ?"

ಅವನು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. "ಬಣ್ಣ ಮೇಡಂ. ಹೋಗಲ್ಲ ಅದು."

"ಹಸಿರು."

"ಹೂಂ. ಗೆರೆ ಎಳೆಯೋದು. ನಟ್ಟನ್ನ ಅಳತೆ ನೋಡಿ ಕೊನೇ ಸಲ ಬಿಗಿದ ಮೇಲೆ, ನಟ್ಟಿಂದ ಪಕ್ಕದ ಬಾಡಿವರೆಗೂ ಸೇರಿಸಿ ಒಂದು ಗೆರೆ ಹಾಕ್ತೀವಿ. ನಟ್ಟು ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಮುರಿಯುತ್ತೆ, ದೂರದಿಂದ್ಲೇ ಕಾಣುತ್ತೆ."

"ಎಲ್ಲರದ್ದೂ ಹಸಿರಾ?"

"ಇಲ್ಲ ಇಲ್ಲ. ಒಬ್ಬೊಬ್ಬರದ್ದು ಒಂದೊಂದು. ಯಾರು ಬಿಗಿದದ್ದು ಅಂತ ಗೊತ್ತಾಗಬೇಕಲ್ಲ. ಒಬ್ಬನ ಬಣ್ಣ ಇನ್ನೊಬ್ಬ ಮುಟ್ಟಲ್ಲ ಮೇಡಂ, ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನೇನು ಹೇಳಿದೆ ಎಂದು ಹೊಳೆಯಿತು. ಟಾರ್ಪಾಲನ್ನು ಅವಸರ ಅವಸರವಾಗಿ ಬಿಚ್ಚತೊಡಗಿದ. ಮುಂಗುಸಿ ಅದರ ತುದಿಯ ಮೇಲೆ ಕಾಲಿಟ್ಟಳು.

"ಬಿದ್ದ ಹೆಲಿಕಾಪ್ಟರ್ ನಿನ್ನದು. ನಿನ್ನ ಬಣ್ಣ ಹಸಿರು. ಅದರೊಳಗಿಂದ ತೆಗೆದ ಈ ಪೆಟ್ಟಿಗೆ ಮೇಲೆ ಹಳೇ ಕೆಂಪು ಗೆರೆ ಯಾಕಿದೆ?"

"ನಂಗೊತ್ತಿಲ್ಲ."

"ಕೆಂಪು ಯಾರದ್ದು?"

"ಮೇಡಂ, ನಂಗೆ ಇಬ್ಬರು ಹೆಣ್ಣುಮಕ್ಕಳು."

"ಸತ್ತ ಒಂಬತ್ತು ಜನಕ್ಕೂ ಮಕ್ಕಳಿದ್ರು!" ಅವಳ ದನಿ ಹ್ಯಾಂಗರಿನ ತಗಡಿನ ಛಾವಣಿಗೆ ಬಡಿದು ವಾಪಸು ಬಂತು. "ಇವತ್ತು ಹೋಗೋರಿಗೂ ಇದ್ದಾರೆ. ಕೆಂಪು ಯಾರದ್ದು ಹೇಳು!"

ಅವನು ಟಾರ್ಪಾಲು ಬಿಟ್ಟ. "ಎರಡನೇ ಹೆಲಿಕಾಪ್ಟರ್ ನೋಡ್ಕೊಳ್ತಿದ್ದವನದ್ದು. ಬಿದ್ದ ಮಾರನೇ ದಿನವೇ ಕೆಲಸ ಬಿಟ್ಟು ಹೋದ. ಫೋನೂ ಎತ್ತಲ್ಲ. ನಾನು ಆ ವಾರ ರಜೆಯಲ್ಲಿದ್ದೆ ಮೇಡಂ, ದೇವರಾಣೆ. ಮೊನ್ನೆ ಇದನ್ನ ಸಮುದ್ರದಿಂದ ಎತ್ತಿದಾಗ್ಲೇ ನಾನೂ ನೋಡಿದ್ದು. ಇದು ನನ್ನ ಪೆಟ್ಟಿಗೆ ಅಲ್ಲ. ಇದು ಅವನ ಪೆಟ್ಟಿಗೆ."

"ನೋಡಿ ಬಾಯಿ ಮುಚ್ಕೊಂಡಿದ್ದೆ."

ಅವನು ಹಸಿರು ಉಗುರನ್ನು ಪ್ಯಾಂಟಿಗೆ ಉಜ್ಜತೊಡಗಿದ.

ಸಿಟ್ಟಿನಲ್ಲೂ ಅವಳ ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ಈ ಪೆಟ್ಟಿಗೆ ಹೆಲಿಕಾಪ್ಟರಿನ ಛಾವಣಿಯ ಮೇಲೆ ನಾಲ್ಕು ಕಾಲೂರಿ ಕೂರುತ್ತದೆ. ಮೂರು ಕಾಲಿನ ಬುಡದಲ್ಲಿ ನಟ್ಟು ಇನ್ನೂ ಇದ್ದವು, ಅವುಗಳ ಮೇಲಿನ ಕೆಂಪು ಗೆರೆ ಹೊಸದಾಗಿ ಹೊಳೆಯುತ್ತಿತ್ತು. ನಾಲ್ಕನೆಯ ಕಾಲಿಗೆ ನಟ್ಟೇ ಇರಲಿಲ್ಲ. ಬಿದ್ದ ರಭಸಕ್ಕೆ ಕಿತ್ತುಹೋಗಿದೆ ಎಂದು ಅಧಿಕಾರಿಗಳು ಆಗಲೇ ತೀರ್ಮಾನಿಸಿಯಾಗಿತ್ತು. ಅವಳು ಬೆರಳಿನಿಂದ ಆ ಜಾಗ ಸವರಿದಳು.

"ನಟ್ಟು ಕಿತ್ತುಹೋದ್ರೆ ಗೆರೆಯ ಒಂದರ್ಧ ಅದರ ಜೊತೆ ಹೋಗುತ್ತೆ. ಇನ್ನೊಂದರ್ಧ ಬಾಡಿ ಮೇಲೆ ಉಳೀಬೇಕು. ಹೌದೋ ಅಲ್ವೋ?"

ಮೆಕ್ಯಾನಿಕ್ ಹತ್ತಿರ ಬಂದ. ಕನ್ನಡಕ ಹಣೆಗೇರಿಸಿ ನೋಡಿದ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಇಲ್ಲಿ ಬಣ್ಣವೇ ಬಿದ್ದಿಲ್ಲ," ಅಂದ. "ಕೈಯಲ್ಲಿ ತಿರುಗಿಸಿ ಬಿಟ್ಟಿದ್ದಾನೆ. ಆಮೇಲೆ ಬಿಗಿಯೋಣ ಅಂತ. ಇಲ್ಲಿಂದ ಬಿಚ್ಚಿ ಅಲ್ಲಿಗೆ, ಅಲ್ಲಿಂದ ಬಿಚ್ಚಿ ಇಲ್ಲಿಗೆ... ಎರಡು ಹೆಲಿಕಾಪ್ಟರ್ ಒಟ್ಟಿಗೆ ತೆರೆದಿಟ್ಟುಕೊಂಡು ಒಬ್ಬನೇ ಓಡಾಡಿದ್ದಾನೆ. ಮಧ್ಯದಲ್ಲಿ ಪಾಳಿ ಮುಗಿದಿದೆ. ಮುಂದಿನ ಪಾಳಿಯವರು ನೋಡಿದ್ರೂ ಮುಟ್ಟಿರಲ್ಲ ಮೇಡಂ. ಅವನ ಗೆರೆ, ಅವನೇ ಬಂದು ಎಳೀತಾನೆ ಅಂದ್ಕೊಂಡಿರ್ತಾರೆ. ನಾನಿದ್ದಿದ್ರೂ ಹಾಗೇ ಅಂದ್ಕೊಳ್ತಿದ್ದೆ."

ಯಾರೂ ಅಂದುಕೊಳ್ಳುವುದಕ್ಕೆ ಕಮ್ಮಿ ಮಾಡಿರಲಿಲ್ಲ. ಬಿಗಿಯುವ ಕೆಲಸ ಒಂದು ಉಳಿದಿತ್ತು, ಅಷ್ಟೇ. ಮಂಜೂ ಅಲ್ಲ, ಪೈಲಟ್ಟೂ ಅಲ್ಲ. ಹಾರುತ್ತಾ ಹಾರುತ್ತಾ ಒಂದು ನಟ್ಟು ತಾನಾಗಿ ತಿರುಗಿ ತಿರುಗಿ ಬಿಚ್ಚಿಕೊಂಡಿದೆ, ಪೆಟ್ಟಿಗೆ ವಾಲಿದೆ, ಒಂಬತ್ತು ಜನ ನೀರಿಗೆ ಬಿದ್ದಿದ್ದಾರೆ.

ಆ ಹುಡುಗನ ಮೇಲಿನ ಕಳಂಕ ತೊಳೆದುಹೋಯಿತು ಎಂದು ಒಂದು ಕ್ಷಣ ಅವಳಿಗೆ ಅಳು ಬರುವಷ್ಟು ಸಮಾಧಾನವಾಯಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು.

"ಒಳ್ಳೇ ಪೆಟ್ಟಿಗೆ ಇಲ್ಲಿದೆ," ಅಂದಳು ನಿಧಾನವಾಗಿ. "ದೀಪ ಹತ್ತುತ್ತಿದ್ದ ಆ ಪೆಟ್ಟಿಗೆ ಎಲ್ಲಿ?"

ಮೆಕ್ಯಾನಿಕ್ ಹ್ಯಾಂಗರಿನ ತೆರೆದ ಬಾಗಿಲಿನ ಕಡೆ ನೋಡಿದ. ಆಚೆ, ಎತ್ತರದ ತಂತಿ ಬೇಲಿಯ ಹಿಂದೆ, ಬಿಸಿಲಲ್ಲಿ ಎರಡನೇ ಹೆಲಿಕಾಪ್ಟರ್ ನಿಂತಿತ್ತು. ಹಳದಿ ರಬ್ಬರ್ ಸೂಟು ಹಾಕಿಕೊಂಡ ಗಂಡಸರು ಸಾಲಾಗಿ ಅದರ ಕಡೆ ನಡೆಯುತ್ತಿದ್ದರು.

ಮುಂಗುಸಿ ಓಡಿದಳು. ಅವಳ ವಯಸ್ಸಿಗೆ ಅದನ್ನು ಓಟ ಅನ್ನುವುದು ದೊಡ್ಡ ಮಾತು, ಆದರೂ ಓಡಿದಳು. ಪ್ರಯಾಣಿಕರ ಕೋಣೆಯಿಂದ ಆಚೆಗೆ ಹೋಗುವ ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು. ಗೋಡೆಯ ಮೇಲಿನ ಟಿವಿಯಲ್ಲಿ, ಹೆಲಿಕಾಪ್ಟರ್ ಮುಳುಗಿದಾಗ ಕಿಟಕಿ ಒದ್ದು ಹೊರಬರುವುದು ಹೇಗೆ ಎಂದು ಹೆಣ್ಣುದನಿಯೊಂದು ಖಾಲಿ ಕುರ್ಚಿಗಳಿಗೆ ಅಕ್ಕರೆಯಿಂದ ವಿವರಿಸುತ್ತಿತ್ತು.

"ಬಾಗಿಲು ತೆಗೀರಿ!"

"ಆಗಲ್ಲಮ್ಮ," ಅಂದ ಕಾವಲಿನವನು. "ಚೀಫ್ ಹೇಳಬೇಕು."

"ಅದರೊಳಗೆ ಕೆಟ್ಟ ಗೇರ್‌ಬಾಕ್ಸ್ ಇದೆ ಕಣೋ!"

"ಅದನ್ನೂ ಅವರೇ ಹೇಳಬೇಕು."

ಇಂಥವರ ಜೊತೆ ವಾದ ಮಾಡುವುದಕ್ಕೆ ಆಯಸ್ಸು ಸಾಲದು. ಅವಳು ತಿರುಗಿ ಕಬ್ಬಿಣದ ಮೆಟ್ಟಿಲು ಹತ್ತಿದಳು.

ಚೀಫ್ ಗಾಜಿನ ಕೋಣೆಯಲ್ಲಿ ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದ. ಕೆಳಗೆ ರೆಕ್ಕೆ ನಿಧಾನಕ್ಕೆ ತಿರುಗಲು ಶುರುವಾಗಿತ್ತು.

"ನಿಲ್ಲಿಸಿ ಅದನ್ನ."

"ಬಾಗಿಲು ತಟ್ಟಿ ಬರೋದು ರೂಢಿ ಇಲ್ವಾ ಮೇಡಂ?"

"ಪೆಟ್ಟಿಗೆ ಅದಲುಬದಲು ಮಾಡಿದ್ದೀರಿ. ಒಳ್ಳೇದನ್ನ ನಮ್ಮ ಹುಡುಗನ ಹೆಲಿಕಾಪ್ಟರಿಗೆ, ಅವನ ಕೆಟ್ಟದ್ದನ್ನ ಇದಕ್ಕೆ. ಬದಲಾಯಿಸೋ ಗಡಿಬಿಡೀಲಿ ಒಂದು ಕಾಲಿನ ನಟ್ಟು ಬಿಗಿಯೋಕೆ ಮರೆತ್ರಿ. ಅದಕ್ಕೇ ಅದು ಬಿತ್ತು. ಈಗ ಇದನ್ನ ಹಾರಿಸ್ತಿದ್ದೀರಿ. ನಿಮಗೆ ನಾಚಿಕೆ ಆಗಲ್ವಾ?"

ಅವನು ಲೋಟ ಮೇಜಿನ ಮೇಲಿಟ್ಟ. ಮುಖದ ಮೇಲಿನ ಬೆಣ್ಣೆಯೆಲ್ಲ ಕರಗಿಹೋಗಿತ್ತು.

"ಹೊಸ ಗೇರ್‌ಬಾಕ್ಸ್ ಬರೋಕೆ ತಿಂಗಳುಗಟ್ಟಲೆ ಬೇಕು," ಅಂದ. "ಉಳಿದಿರೋ ಇದೊಂದೂ ಕೆಟ್ಟು ನಿಂತಿದೆ ಅಂತ ಗೊತ್ತಾದ್ರೆ ಎಣ್ಣೆ ಕಂಪನಿಯವರು ನಾಳೇನೇ ಬೇರೆಯವರನ್ನ ಕರೀತಾರೆ. ಇಲ್ಲಿ ಎಷ್ಟು ಮನೆ ಇದರಿಂದ ಊಟ ಮಾಡ್ತಿವೆ ಗೊತ್ತಾ ನಿಮಗೆ?"

"ಅದಕ್ಕೆ ಒಂಬತ್ತು ಜನರನ್ನ ಬಡಿಸಿದ್ರಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ! ಆ ಪೆಟ್ಟಿಗೇನ ತೊಳೆದಿದ್ದೀವಿ. ಅಯಸ್ಕಾಂತ ಒರೆಸಿದ್ದೀವಿ, ಎಣ್ಣೆ ಬದಲಾಯಿಸಿದ್ದೀವಿ. ನೆಲದ ಮೇಲೆ ಓಡಿಸಿ ನೋಡಿದಾಗ ದೀಪ ಹತ್ತಲಿಲ್ಲ."

"ಒರೆಸಿದ್ರೆ ಪುಡಿ ಹೋಗುತ್ತೆ, ಸವೆದ ಹಲ್ಲು ವಾಪಸ್ ಬೆಳೆಯುತ್ತಾ? ಈ ಪೈಲಟ್‌ಗೆ ಹೇಳಿದ್ದೀರಾ, ನಿನ್ನ ತಲೆ ಮೇಲೆ ಕೂತಿರೋದು ಆ ಪೆಟ್ಟಿಗೆ ಅಂತ?"

"ಹೇಳಿದ್ರೆ ಅವನು ಹಾರ್ತಾನಾ?"

ಬಾಯಿ ಜಾರಿತು ಎಂದು ಅವನಿಗೂ ಗೊತ್ತಾಯಿತು. ಮುಂಗುಸಿ ಮೇಜಿನ ಸುತ್ತ ಬಂದು ಅವನ ಅಂಗಿಯ ಕಾಲರು ಹಿಡಿದಳು. ಮೂವತ್ತು ವರ್ಷದ ನೌಕರಿಯಲ್ಲಿ ಕೈದಿಯ ಮೇಲೆ ಕೂಡ ಕೈ ಮಾಡಿದವಳಲ್ಲ. ಈಗ ಕೈ ತಾನಾಗಿ ಹೋಗಿತ್ತು.

"ಫೋನ್ ತಗೊ. ನಿಲ್ಸು ಅನ್ನು."

"ಮೊದಲು ಇದನ್ನ ಕೇಳಿ." ಅವನು ಕಾಲರು ಬಿಡಿಸಿಕೊಳ್ಳಲೂ ಇಲ್ಲ. ತುಟಿಯ ಮೂಲೆಯಲ್ಲಿ ನಗು ಬಂದಿತ್ತು, ನೋಡಿದರೆ ಮೈ ಉರಿಯುವಂಥ ನಗು. "ಅದಲುಬದಲು ಮಾಡೋಣ ಅಂತ ನನಗೇನು ಕನಸು ಬಿದ್ದಿತ್ತಾ? ದೀಪ ಹತ್ತಿದ್ರೂ ನಿಮ್ಮ ಹುಡುಗ ಗೊಣಗಿಕೊಂಡು ಹಾರಿಸ್ತಾನೇ ಇದ್ದ. ಒಬ್ಬಳು ಬಂದ್ಲು ಇಲ್ಲಿಗೆ. ಅತ್ತಳು, ಕರೆದಳು, ಕೊನೆಗೆ ಬೆದರಿಸಿದ್ಲು. ಅವರ ಹೆಲಿಕಾಪ್ಟರಿಗೆ ಬೇರೆ ಪೆಟ್ಟಿಗೆ ಹಾಕದಿದ್ರೆ ಎಣ್ಣೆ ಕಂಪನಿಗೆ ಎಲ್ಲಾ ಹೇಳ್ತೀನಿ ಅಂತ. ಬೇರೆ ಎಲ್ಲಿಂದ ತರ್ಲಿ ತಾಯಿ, ನಮ್ಮ ಹತ್ರ ಇರೋದು ಇನ್ನೊಂದೇ ಹೆಲಿಕಾಪ್ಟರು ಅಂದೆ."

ಮುಂಗುಸಿಯ ಹಿಡಿತ ಸಡಿಲವಾಯಿತು.

"ಆಗ ಅವಳು ಕೇಳಿದ್ಲು. ಅದರಲ್ಲಿರೋದು ಚೆನ್ನಾಗಿದೆ ತಾನೇ, ಅಂತ. ಅಷ್ಟೇ ಕೇಳಿದ್ದು. ಈ ಕೆಟ್ಟದ್ದು ಅಲ್ಲಿಗೆ ಹೋಗುತ್ತಲ್ಲ, ಅವರ ಗತಿ ಏನು ಅಂತ ಕೇಳ್ಲಿಲ್ಲ. ಗಂಡನಿಗೂ ಹೇಳ್ಲಿಲ್ಲ. ಹೊಸಾದು ಬಂದಿದೆ ಅಂತ ನಂಬಿಸಿದ್ಲು. ನಿಮ್ಮ ಅಕ್ಕನ ಮಗಳು ಕಣ್ರೀ. ಕೆಳಗೆ ರೇಡಿಯೋ ರೂಮಲ್ಲಿ ಕೂತಿದ್ದಾಳಲ್ಲ, ಅವಳೇ."

ಕಿಟಕಿಯ ಗಾಜು ಗಡಗಡ ನಡುಗಿತು. ಹೆಲಿಕಾಪ್ಟರ್ ನೆಲ ಬಿಟ್ಟು ಮೂಗು ಬಗ್ಗಿಸಿ ಸಮುದ್ರದ ಕಡೆ ಹೊರಟಿತು.

"ನಾನಂತೂ ನಿಲ್ಲಿಸಲ್ಲ," ಅಂದ ಚೀಫ್, ಕಾಲರು ಸರಿಮಾಡಿಕೊಳ್ಳುತ್ತ. "ಅವಳ ಕೈಲಿ ನಿಲ್ಲಿಸಿ. ಯಾಕೆ ಅಂತ ಪೈಲಟ್ ಕೇಳೇ ಕೇಳ್ತಾನೆ. ಆ ರೇಡಿಯೋದಲ್ಲಿ ಆಡಿದ್ದು ಪ್ಲಾಟ್‌ಫಾರ್ಮಿಗೂ ಕೇಳುತ್ತೆ, ದೋಣಿಗಳಿಗೂ ಕೇಳುತ್ತೆ. ಹೇಳ್ತಾಳಾ ನೋಡೋಣ."

ಮೆಟ್ಟಿಲಿಳಿಯುವಾಗ ಮುಂಗುಸಿಗೆ ಯಾರ ಮೇಲೆ ಹೆಚ್ಚು ಸಿಟ್ಟು ಎಂದು ತಿಳಿಯಲಿಲ್ಲ. ಈ ನೀಚನ ಮೇಲೋ, ಆ ಹುಡುಗಿಯ ಮೇಲೋ. ಒಂದು ತಿಂಗಳಿಂದ ಊರೆಲ್ಲ ಪ್ರಶ್ನೆ ಕೇಳಿಕೊಂಡು ತಿರುಗಿದ್ದಳು, ಮನೆಯೊಳಗೆ ಕೂತವಳನ್ನು ಒಂದು ಮಾತು ಕೇಳಿರಲಿಲ್ಲ. ಪಾಪ, ಗಂಡ ಸತ್ತ ಹೆಣ್ಣು ಅಂತ. ಮನೇಲಿದ್ರೆ ಹುಚ್ಚು ಹಿಡಿಯುತ್ತೆ ಚಿಕ್ಕಮ್ಮಾ, ಇವತ್ತಿನ ಡ್ಯೂಟಿ ನಾನೇ ಮಾಡ್ತೀ‍ನಿ ಅಂತ ಬೆಳಗ್ಗೆ ಹಟ ಹಿಡಿದಾಗಲೂ, ಧೈರ್ಯದ ಹುಡುಗಿ ಎಂದು ಬೆನ್ನು ತಟ್ಟಿ ಕಳಿಸಿದ್ದಳು.

ರೇಡಿಯೋ ಕೋಣೆ ಒಂದು ಮಂಚ ಹಿಡಿಸುವಷ್ಟು ಜಾಗ. ಒಂದು ಮೇಜು, ಸಮುದ್ರದ ನಕ್ಷೆ, ಮೈಕು, ಗೋಡೆಯಲ್ಲಿ ಸ್ಪೀಕರು. ಅಕ್ಕನ ಮಗಳು ಮೈಕಿನ ಮುಂದೆ ನೆಟ್ಟಗೆ ಕೂತಿದ್ದಳು. ಚಿಕ್ಕಮ್ಮನ ಮುಖ ನೋಡಿದ್ದೇ ತಡ, ಎಲ್ಲ ಗೊತ್ತಾಗಿಹೋಯಿತು.

"ಸರಿ ಮಾಡಿದ್ದೀವಿ ಅಂದ್ರು ಚಿಕ್ಕಮ್ಮ," ಅಂದಳು, ಕೇಳುವುದಕ್ಕೆ ಮುಂಚೆಯೇ. "ತೊಳೆದು ಸರಿ ಮಾಡಿದ್ದೀವಿ ಅಂದ್ರು."

"ನೀನು ನಂಬಿದೆಯಾ?"

"ನಂಬಬೇಕಿತ್ತು."

"ಪುಟ್ಟೀ, ನಿನ್ನ ಗಂಡನ್ನ ಆ ಕೆಟ್ಟ ಪೆಟ್ಟಿಗೆ ಕೊಲ್ಲಲಿಲ್ಲ. ಬದಲಾಯಿಸೋವಾಗ ಒಂದು ನಟ್ಟು ಬಿಗಿದಿರಲಿಲ್ಲ."

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಂಗುಸಿಗೆ ಅವಳ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ಎದೆಗೆ ಒತ್ತಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಈಗ ಹೊತ್ತಿರಲಿಲ್ಲ.

"ಅಳೋದು ಆಮೇಲೆ. ವಾಪಸ್ ಕರಿ ಅವನನ್ನ!"

ಆ ಹೆಲಿಕಾಪ್ಟರ್ ಹಾರಿಸುತ್ತಿದ್ದವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು, ಬಾಗಿಲಲ್ಲೆಲ್ಲ ತಲೆ ತಗ್ಗಿಸಿಯೇ ಬರುವ ಆಳು. ಸತ್ತವನ ಜೀವದ ಗೆಳೆಯ. ಈ ಒಂದು ತಿಂಗಳು ಪುಟ್ಟಿಯ ಪಕ್ಕದಲ್ಲೇ ಮಲಗಿ, ತುತ್ತು ಬಾಯಿಗಿಟ್ಟು, ಬಿಕ್ಕಿದಾಗೆಲ್ಲ ಬೆನ್ನು ಸವರಿದವಳು ಉದ್ದಣ್ಣನ ಹೆಂಡತಿ. ತುಂಬು ಗರ್ಭಿಣಿ.

ಪುಟ್ಟಿ ಗುಂಡಿ ಒತ್ತಿದಳು. "ಅಣ್ಣ. ವಾಪಸ್ ಬಾ."

"ಏನಾಯ್ತು ತಂಗಿ?" ಸ್ಪೀಕರಿನಲ್ಲಿ ರೆಕ್ಕೆಯ ಸದ್ದಿನ ನಡುವೆ ಉದ್ದಣ್ಣನ ದನಿ ಬಂತು. "ಮೋಡಾನಾ?"

"ಗೇರ್‌ಬಾಕ್ಸ್ ಸರಿ ಇಲ್ಲ."

"ಎಲ್ಲಾ ಸರಿ ಇದೆಯಲ್ಲ. ಯಾರು ಹೇಳಿದ್ದು? ಚೀಫಾ?"

"ಚೀಫ್ ಹೇಳಲ್ಲ."

 ಮತ್ತೆ ಬಂದ ದನಿ ಮೆತ್ತಗಿತ್ತು, ಮಕ್ಕಳ ಜೊತೆ ಮಾತಾಡುವವರ ದನಿ. "ತಂಗಿ, ನಿನ್ನ ಸಂಕಟ ನಂಗರ್ಥ ಆಗುತ್ತೆ. ಇವತ್ತು ನೀನು ಡ್ಯೂಟಿಗೆ ಬರಬಾರದಿತ್ತು. ಹೆದರಬೇಡ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಮೈಕು ಅವರಿಗೆ ಕೊಡು."

ಮುಂಗುಸಿ ಮೈಕು ಕಸಿದುಕೊಂಡಳು. "ನಾನು ಅವಳ ಚಿಕ್ಕಮ್ಮ. ನಿಮ್ಮ ಹೆಲಿಕಾಪ್ಟರಿನ ಪೆಟ್ಟಿಗೆ ಬದಲಾಗಿದೆ. ಅವಳ ಗಂಡನ ಹೆಲಿಕಾಪ್ಟರಿನಲ್ಲಿ ದೀಪ ಹತ್ತುತ್ತಿದ್ದ ಪೆಟ್ಟಿಗೆ ಈಗ ನಿಮ್ಮದರಲ್ಲಿದೆ. ತಕ್ಷಣ ತಿರುಗಿಸಿ."

"ಅಮ್ಮಾ, ಈ ರೇಡಿಯೋದಲ್ಲಿ ಹೊರಗಿನವರು ಮಾತಾಡೋ ಹಾಗಿಲ್ಲ." ಈಗ ದನಿ ಗಡುಸಾಯಿತು. "ಮನೆಯವರ ದುಃಖ ಬೇರೆ, ಡ್ಯೂಟಿ ಬೇರೆ. ಸುಮ್ಮನೆ ತಿರುಗಿಸಿ ಬಂದ್ರೆ ನನ್ನ ಕೆಲಸ ಹೋಗುತ್ತೆ, ಮನೇಲಿ ಹೆಂಡತಿಗೆ ತಿಂಗಳು ತುಂಬಿದೆ. ಬದಲಾಯಿಸಿದ್ದು ಕಣ್ಣಾರೆ ಕಂಡವರು ಯಾರಾದ್ರೂ ಇದ್ದಾರಾ? ಇದ್ರೆ ಹೇಳಿಸಿ. ಇಲ್ದಿದ್ರೆ ಲೈನ್ ಬಿಡಿ."

ಅವನು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ, ಅದಕ್ಕೇ ಮುಂಗುಸಿಗೆ ಗೋಡೆಗೆ ಗುದ್ದಬೇಕು ಅನ್ನಿಸಿತು. ಈ ಜಾಗದಲ್ಲಿ ಸುಳ್ಳು ಹೇಳುವವನಿಗೆ ಕುರ್ಚಿ ಇದೆ, ಸಹಿ ಇದೆ. ನಿಜ ಹೇಳುವ ಹೆಂಗಸರಿಗೆ ದುಃಖ ಜಾಸ್ತಿಯಾಗಿದೆ ಅಂತ ಸಮಾಧಾನ ಹೇಳುತ್ತಾರೆ.

ಪುಟ್ಟಿ ಕೈ ಚಾಚಿ ಮೈಕು ವಾಪಸು ತೆಗೆದುಕೊಂಡಳು. ಬೆರಳನ್ನು ಗುಂಡಿಯ ಮೇಲೆ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಚಿಕ್ಕಮ್ಮನ ಕಡೆ ಒಂದು ಸಲ ನೋಡಿದಳು. ಮುಂಗುಸಿ ತಲೆಯಾಡಿಸಲೂ ಇಲ್ಲ, ಬೇಡ ಅನ್ನಲೂ ಇಲ್ಲ.

"ಕಂಡವರು ಇದ್ದಾರೆ ಅಣ್ಣ," ಅಂದಳು. ಈಗ ದನಿ ಗಟ್ಟಿಯಾಗಿತ್ತು. "ಅವತ್ತು ಹ್ಯಾಂಗರಲ್ಲಿ ನಿಂತು ನೋಡಿದ್ದು ನಾನು. ಅವರ ಹೆಲಿಕಾಪ್ಟರಿಂದ ಬಿಚ್ಚಿ ನಿನ್ನ ಹೆಲಿಕಾಪ್ಟರಿಗೆ ಹಾಕಿದ್ರು. ಹಾಕಿಸಿದ್ದೂ ನಾನೇ. ಚೀಫನ್ನ ಬೆದರಿಸಿ ಹಾಕಿಸಿದೆ. ನಿನಗೆ ಹೇಳಲಿಲ್ಲ. ಬೆಳಗ್ಗೆ ನಿನ್ನ ಕೈಗೆ ಹವಾಮಾನದ ಚೀಟಿ ಕೊಟ್ಟಾಗ್ಲೂ ಹೇಳಲಿಲ್ಲ. ಈಗ ಹೇಳ್ತಿದ್ದೀನಿ. ತಿರುಗಿಸು ಅಣ್ಣ, ನಿನ್ನ ಕಾಲಿಗೆ ಬೀಳ್ತೀನಿ."

ಸಮುದ್ರದಲ್ಲಿ ಅದನ್ನು ಎಷ್ಟು ಜನ ಕೇಳಿಸಿಕೊಂಡರೋ. ಬಾಗಿಲಲ್ಲಿ ಯಾವಾಗಲೋ ಬಂದು ನಿಂತಿದ್ದ ಚೀಫ್ ಬಿಳಿಚಿಕೊಂಡಿದ್ದ. ಅವಳು ಹೇಳುತ್ತಾಳೆ ಎಂದು ಅವನು ಎಣಿಸಿಯೇ ಇರಲಿಲ್ಲ.

ಸ್ಪೀಕರಿನಲ್ಲಿ ರೆಕ್ಕೆಯ ಸದ್ದು ಕೇಳಿಸಿತು. ಅಂದರೆ ಅತ್ತ ಕಡೆ ಅವನೂ ಗುಂಡಿ ಒತ್ತಿದ್ದಾನೆ. ಒತ್ತಿಕೊಂಡು ಸುಮ್ಮನೆ ಕೂತಿದ್ದಾನೆ.

ಆಮೇಲೆ ಉದ್ದಣ್ಣ ಕೇಳಿದ, ಮೆಲ್ಲಗೆ, ಸಿಟ್ಟೂ ಇಲ್ಲದ ದನಿಯಲ್ಲಿ.

"ಅವತ್ತು ರಾತ್ರಿ ನೀವಿಬ್ಬರೂ ನಮ್ಮ ಮನೆಗೆ ಊಟಕ್ಕೆ ಬಂದಿದ್ರಿ ತಂಗಿ. ನನ್ನ ಹೆಂಡತಿ ನಿಂಗೇನು ಮಾಡಿದ್ಲು?"

ಸ್ಪೀಕರು ಖಟ್ ಎಂದಿತು, ರೆಕ್ಕೆಯ ಸದ್ದು ನಿಂತುಹೋಯಿತು. ಅವನು ಗುಂಡಿಯಿಂದ ಬೆರಳು ತೆಗೆದನೋ, ಇನ್ನೇನಾದರೂ ಆಯಿತೋ, ಆ ಕೋಣೆಯಲ್ಲಿ ಯಾರಿಗೂ ಹೇಳಲಾಗಲಿಲ್ಲ. ಪುಟ್ಟಿ ಕರೆಯುತ್ತಲೇ ಇದ್ದಳು.